ಎಡಕ್ಕೆ ಬಿದ್ದ ಹೂವು ಮತ್ತು ಬನಪ್ಪ ಮಾಸ್ತರು

ಬನಪ್ಪ ಮಾಸ್ತರು ಯಾವ ಮಾತಿಗೂ ‘ಹೌದು’ ಅನ್ನುತ್ತಿರಲಿಲ್ಲ, ‘ಇಲ್ಲ’ ಅಂತಲೂ ಅನ್ನುತ್ತಿರಲಿಲ್ಲ. ಗಂಟು ಹೊತ್ತು ರಸ್ತೆಯಲ್ಲಿ ನಿಂತವರು, “ಮಾಸ್ತರ, ರೋಣದ ಬಸ್ಸು ಇವತ್ತು ಬರತೈತೇನ್ರಿ?” ಎಂದು ಕೇಳಿದರೆ ಅವರು ಮೊದಲು ಆಕಾಶ ನೋಡುವರು, ಆಮೇಲೆ ತಮ್ಮ ಚಪ್ಪಲಿಗೆ ಎಷ್ಟು ಎರಿಮಣ್ಣು ಮೆತ್ತಿದೆ ಎಂದು ಕಾಲೆತ್ತಿ ನೋಡುವರು, ಕೊನೆಗೆ “ಮೂರರಾಗ ಒಂದ್ರಿ” ಎನ್ನುವರು. ಕೇಳಿದವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. “ಅಲ್ರೀ, ಬರತೈತಿ ಅಂದ್ರ ಬರತೈತಿ ಅನ್ರಿ, ಇಲ್ಲಂದ್ರ ಇಲ್ಲನ್ರಿ. ಮೂರರಾಗ ಒಂದು ಬಸ್ಸು ಹ್ಯಾಂಗ ಹತ್ತೂದು?” ಮಾಸ್ತರು ಅದಕ್ಕೂ ಸ್ವಲ್ಪ ಹೊತ್ತು ಯೋಚನೆ ಮಾಡುವರು. ಅಷ್ಟರಲ್ಲಿ ಒಮ್ಮೊಮ್ಮೆ ಬಸ್ಸೇ ಬಂದುಬಿಡುತ್ತಿತ್ತು.

ಅವರು ಗಜೇಂದ್ರಗಡದ ನೇಕಾರ ಮನೆತನದವರು. ನಮ್ಮೂರು ಯಾವಗಲ್ಲಿನ ಸಾಲಿಗೆ ವರ್ಗವಾಗಿ ಬಂದಾಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಹನಮಪ್ಪನ ಗುಡಿಯ ಹಿಂದಿನ ಒಂದು ಖೋಲಿಯಲ್ಲಿ ತಾವೇ ರೊಟ್ಟಿ ಬಡಿದುಕೊಂಡು ಇರುತ್ತಿದ್ದರು. ತೆಳ್ಳನೆಯ ಮೈ, ಕರಿ ಕೋಟು, ಕರಿ ಟೋಪಿ. ಆ ಟೋಪಿಯನ್ನು ಅವರು ತಲೆಯ ಮೇಲೆ ಇಟ್ಟದ್ದಕ್ಕಿಂತ ಕೈಯಲ್ಲಿ ಹಿಡಿದದ್ದೇ ಹೆಚ್ಚು. ಯಾಕೆಂದರೆ ಅವರ ಲೆಕ್ಕದ ಪಾಠವೆಲ್ಲ ಅದರೊಳಗೇ ಇತ್ತು.

ಪುಸ್ತಕದಲ್ಲಿ ಇರದ ಒಂದು ಲೆಕ್ಕವನ್ನು ಅವರು ಶನಿವಾರ ಮುಂಜಾನೆ ಹೇಳಿಕೊಡುತ್ತಿದ್ದರು. ಅದಕ್ಕೆ ‘ಸಂಭವದ ಲೆಕ್ಕ’ ಎಂದು ಹೆಸರಿಟ್ಟಿದ್ದರು. ಧಾರವಾಡದಲ್ಲಿ ಟ್ರೇನಿಂಗ್ ಮಾಡುವಾಗ ಯಾರೋ ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು ಬಂದಿದ್ದರಂತೆ. “ಪೂರಾ ನನಗೂ ತಿಳಿದಿಲ್ರೋ. ಕೂಡೇ ತಿಳಕೊಳ್ಳೂಣು” ಎಂದು ಮೊದಲನೆಯ ದಿನವೇ ಹೇಳಿಬಿಟ್ಟರು. ತನಗೆ ತಿಳಿದಿಲ್ಲ ಎಂದು ಹೇಳುವ ಮಾಸ್ತರನ್ನು ನಾವು ಅದುವರೆಗೆ ಕಂಡಿರಲಿಲ್ಲ, ಹೀಗಾಗಿ ಇವರು ಖರೇ ಮಾಸ್ತರೋ ಅಲ್ಲವೋ ಎಂಬುದೇ ನಮಗೆ ಅನುಮಾನವಾಯಿತು.

ಹುಣಸೆ ಬೀಜ ತಂದು, ಅರ್ಧ ಬೀಜಗಳಿಗೆ ಸುಣ್ಣ ಹಚ್ಚಿ ಬಿಳಿ ಮಾಡಿ, ಅರ್ಧ ಹಾಗೇ ಕರಿ ಬಿಟ್ಟು, ಎಲ್ಲವನ್ನೂ ಟೋಪಿಗೆ ಹಾಕಿ ಕುಲುಕುತ್ತಿದ್ದರು. ನಾವು ಕಣ್ಣು ಮುಚ್ಚಿ ಒಂದನ್ನು ತೆಗೆಯಬೇಕು, ನೋಡಬೇಕು, ತಿರುಗಿ ಹಾಕಬೇಕು. “ಬಿಳಿ ಬರೂ ಸಂಭವ ಎಷ್ಟರಾಗ ಎಷ್ಟು?” “ಎರಡರಾಗ ಒಂದ್ರೀ!” ಇಲ್ಲಿಯವರೆಗೆ ಎಲ್ಲ ಸರಳ. ತೊಡಕು ಶುರುವಾದದ್ದು ಮೇಲಿಂದ ಮೇಲೆ ಕರಿಯೇ ಬಂದಾಗ. ಇನ್ನು ಬಿಳಿ ಬಂದೇ ಬರಬೇಕು ಎಂದು ಇಡೀ ವರ್ಗ ಕೂಗಿತು.

“ಯಾಕ ಬರಬೇಕು?”

“ಪಾಳಿ ಅದರದು ಐತಲ್ರಿ!” ಎಂದೆ ನಾನು. ಬಾವಿಯಲ್ಲಿ ನೀರು ಸೇದಲು ಪಾಳಿ, ಗಿರಣಿಯಲ್ಲಿ ಹಿಟ್ಟು ಬೀಸಿಸಲು ಪಾಳಿ, ಬೀಜಕ್ಕೆ ಇರುವುದಿಲ್ಲವೇ?

ಮಾಸ್ತರು ಟೋಪಿಯನ್ನು ನನ್ನ ಮೂಗಿನ ಮುಂದೆ ಹಿಡಿದರು. “ನೀಲವ್ವ, ಈ ಬೀಜಕ್ಕ ಕಣ್ಣಿಲ್ಲ, ನೆನಪಿಲ್ಲ. ಹಿಂದ ಯಾರು ಬಂದಿದ್ರು ಅಂತ ಇದಕ್ಕೇನು ಗೊತ್ತು? ನಿಮ್ಮವ್ವ ಬಾವಿಮ್ಯಾಲ ಕೊಡಪಾನ ಹಚ್ಚಿದಂಗ ಇವೇನು ಪಾಳಿ ಹಚ್ಚಿ ನಿಂತಾವೇನು?”

“ಹಂಗಾರ ಬಿಳಿ ಯಾವಾಗ ಬರೂದ್ರಿ?”

“ಬಂದಾಗ!”

ಮುಂದೆ ನಾನೇ ಲೆಕ್ಕದ ಶಿಕ್ಷಕಿಯಾಗಿ ವರ್ಷಗಟ್ಟಲೆ ಇದೇ ಪಾಠ ಮಾಡಿದ್ದೇನೆ. ಮಕ್ಕಳಿಗೆ ತಿಳಿದಿದೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಾರೆ. ನನಗೆ ಮಾತ್ರ ಒಳಗೊಳಗೆ ಈಗಲೂ ಬಿಳಿಯ ಪಾಳಿ ಬಂದಿದೆ ಎಂದೇ ಅನಿಸುತ್ತದೆ. ಏನು ಮಾಡಲಿ, ಹುಟ್ಟಿದ್ದೇ ಪಾಳಿಯ ಊರಲ್ಲಿ.

ಆ ವರ್ಷದ ಸುಗ್ಗಿಯಲ್ಲಿ ಅವರ ಮಗಳು ಗಂಗಿ ನಾಲ್ಕು ದಿನ ಅಪ್ಪನ ಜೊತೆ ಇರಲು ಬಂದಿದ್ದಳು. ನನ್ನ ವಾರಿಗೆಯವಳೇ. ಸಾಲಿ ಬಿಟ್ಟಾಗಿತ್ತು. ಗಜೇಂದ್ರಗಡದ ಮನೆಯಲ್ಲಿ ಕಾಕಾ ನೇಯುವ ಮಗ್ಗಕ್ಕೆ ದಿನವಿಡೀ ಲಾಳಿಯೊಳಗೆ ಇಡುವ ನೂಲಿನ ಕಂಡಿಕಿ ಸುತ್ತುವುದು ಅವಳ ಕೆಲಸ. ಬೆರಳ ತುದಿಗೆ ನೂಲು ಕೊರೆದ ಗೀರುಗಳಿದ್ದವು. ಆ ಶನಿವಾರ ಮಾಸ್ತರು ಕವಡಿ ತಂದಿದ್ದರು. ಕವಡಿಗೆ ಎರಡು ಬಾಜು, ಬಾಯಿ ಒಂದು, ಬೆನ್ನು ಒಂದು, ಅಂದಮೇಲೆ ಬಾಯಿ ಮೇಲಾಗಿ ಬೀಳುವ ಸಂಭವ ಎರಡರಲ್ಲಿ ಒಂದು ಎಂದು ಹಲಗೆಯ ಮೇಲೆ ಬರೆದರು. ನಾವು ಒಗೆಯತೊಡಗಿದೆವು. ಒಗೆದೇ ಒಗೆದೆವು. ಬೆನ್ನೇ ಹೆಚ್ಚು ಸಲ ಮೇಲಾಯಿತು. ಕವಡಿ ಬದಲಿಸಿದರು, ಒಗೆಯುವ ಹುಡುಗರನ್ನು ಬದಲಿಸಿದರು, ನೆಲ ಸರಿಯಿಲ್ಲವೆಂದು ಚಾಪೆ ಹಾಸಿಸಿದರು. ಊಹೂಂ.

ಬಾಗಿಲ ಬಳಿ ಕೂತಿದ್ದ ಗಂಗಿ ಕಿಸಕ್ಕನೆ ನಕ್ಕಳು. “ಅಪ್ಪಾ, ಅದಕ್ಕ ಬೆನ್ನು ಡುಬ್ಬ ಐತಿ, ಬಾಯಿ ಸಪಾಟ ಐತಿ. ಸಪಾಟ ಇದ್ದ ಕಡೆ ಕೂಡತೈತಿ. ಎರಡೂ ಬಾಜು ಒಂದ ನಮೂನಿ ಇದ್ರಲ್ಲ ಅರ್ಧಕ್ಕರ್ಧ?”

ಮಾಸ್ತರು ಕವಡಿಯನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. ಮಗಳ ಮುಖವನ್ನೂ ನೋಡಿದರು. ಆಮೇಲೆ ಹಲಗೆಯ ಮೇಲೆ ಬರೆದದ್ದನ್ನು ಕೋಟಿನ ತೋಳಿನಿಂದಲೇ ಒರೆಸಿ, “ಎರಡು ಬಾಜು ಅದಾವ ಅಂದಮಾತ್ರಕ್ಕ ಎರಡೂ ಸರಿಸಮ ಅನ್ನಾಕ ಬರೂದಿಲ್ರೋ. ಇದನ್ನ ಬರಕೊಳ್ರಿ” ಎಂದರು. ಅವತ್ತು ಅವರಿಗೆ ಎಷ್ಟು ಖುಷಿಯಾಗಿತ್ತೋ ಅಷ್ಟೇ ಬೇಜಾರೂ ಆದಂತಿತ್ತು. ಅದು ಯಾಕೆಂದು ನನಗೆ ತಿಳಿಯಲಿಲ್ಲ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಅಲ್ಲಿಗೆ ನಮ್ಮೂರ ಸಾಲಿ ಮುಗಿಯಿತು. ಮುಂದೆ ಕಲಿಯಬೇಕೆಂದರೆ ನರಗುಂದದಲ್ಲಿ ಚಿಗವ್ವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗಬೇಕು. ಅವ್ವನಿಗೆ ನನ್ನನ್ನು ಕಳಿಸುವ ಮನಸ್ಸು. ಅಪ್ಪನಿಗೆ ಬಿಡಿಸುವ ಮನಸ್ಸು. ಹುಡುಗಿ ಉದ್ದಾಗ್ಯಾಳ, ವರ ಬರುವ ಹೊತ್ತು, ಮಂದಿ ಏನಂದಾರು ಎಂಬುದು ಅಪ್ಪನ ಮಾತು. ಒಂದು ವಾರ ಮನೆಯಲ್ಲಿ ಒಲೆಯ ಮೇಲಿನ ಸಾರಿಗಿಂತ ಮಾತೇ ಹೆಚ್ಚು ಕುದಿಯಿತು. ಕೊನೆಗೆ ಅಪ್ಪ, “ನಿಂದೂ ಬ್ಯಾಡ, ನಂದೂ ಬ್ಯಾಡ. ಹನಮಪ್ಪನ್ನ ಕೇಳೂಣು” ಎಂದ.

ನಮ್ಮ ಕಡೆ ಹೀಗೆ ದೇವರನ್ನು ಕೇಳುವುದು ರೂಢಿ. ಒದ್ದೆ ಹೂಗಳನ್ನು ದೇವರ ಮೈಯ ಎಡಬಲಕ್ಕೆ ಹಚ್ಚಿ ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಳ್ಳಬೇಕು. ಬಲಗಡೆಯ ಹೂವು ಮೊದಲು ಉದುರಿದರೆ ಹೂಂ ಅಂದಂತೆ, ಎಡಗಡೆಯದು ಉದುರಿದರೆ ಬೇಡ ಅಂದಂತೆ.

ನಾನು ಓಡಿಹೋಗಿ ಮಾಸ್ತರನ್ನು ಹಿಡಿದೆ. “ಮಾಸ್ತರ, ಹೂ ಬಲಕ್ಕ ಬೀಳೂ ಸಂಭವ ಎಷ್ಟರಾಗ ಎಷ್ಟ್ರಿ?” ಎಂದೆ. ಅವರು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

“ಅದು ಹುಣಸಿ ಬೀಜ ಅಲ್ಲ ತಂಗಿ.”

“ಎರಡ ಬಾಜು ಅಲ್ರಿ ಅದಕ್ಕ? ಎರಡರಾಗ ಒಂದು ಅಲ್ರಿ?”

“ಕವಡಿಗೂ ಎರಡ ಬಾಜು ಇದ್ದುವು” ಎಂದರು. ತಿರುಗಿ ರೊಟ್ಟಿ ಬಡಿಯತೊಡಗಿದರು. ನಾನು ಬಂದಾಗಿನದಕ್ಕಿಂತ ಹೆಚ್ಚು ಗಾಬರಿಯಾಗಿ ಮನೆಗೆ ಹೋದೆ.

ಶನಿವಾರ ಗುಡಿಗೆ ಹೋದೆವು. ಪೂಜಾರಿ ಹೂ ಹಚ್ಚಿದ. ಅಪ್ಪ ಕೈಮುಗಿದ, ಅವ್ವ ಸೆರಗೊಡ್ಡಿದಳು. ನಾನು ಬಲಗಡೆಯ ಹೂವನ್ನೇ ದಿಟ್ಟಿಸಿ, ಬೀಳು, ಬೀಳು ಎನ್ನುತ್ತಿದ್ದೆ. ಎಡಗಡೆಯದು ಉದುರಿತು. ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ನನ್ನ ಕಣ್ಣಿಗೆ ಗುಡಿಯ ಕಂಬಗಳೆಲ್ಲ ನೀರಲ್ಲಿ ನಿಂತಂತೆ ಕಂಡವು. ಆದರೆ ಅಪ್ಪನ ಮುಖವೂ ಹುಳ್ಳಗಾಗಿತ್ತು. ಗೆದ್ದವನ ಮುಖ ಹಾಗೇಕಿರಬೇಕು?

ಹಾದಿಯಲ್ಲಿ ಅವ್ವ ಬಿಕ್ಕಿದಾಗ ಅಪ್ಪ ಗದರಿದ. “ನೀ ಯಾಕ ಅಳತಿ? ನಿನ್ನ ಮನಸಿನಂಗ ಆತಲ್ಲ!”

“ನನ್ನ ಮನಸಿನಂಗ? ಎಡಕ್ಕ ಬಿತ್ತು, ಕಾಣಲಿಲ್ಲೇನು ನಿಮಗ?”

“ಎಡಕ್ಕ ಬಿತ್ತು ಅಂದ್ರ ಬ್ಯಾಡ. ‘ಸಾಲಿ ಬಿಡಿಸಲೇನಪಾ’ ಅಂತ ಕೇಳಿದೆ. ಬ್ಯಾಡ ಅಂದ. ಮುಗೀತು.”

ಅವ್ವ ನಡುಹಾದಿಯಲ್ಲೇ ನಿಂತುಬಿಟ್ಟಳು. “ಅಯ್ಯ ನನ್ನ ಹಣೆಬಾರ! ನಾ ‘ಕಳಸಲೇನಪಾ’ ಅಂತ ಕೇಳಿದ್ನಲ್ರೀ!”

ಬಿಡಿಸಬೇಕೆಂದಿದ್ದ ಅಪ್ಪನ ಪ್ರಶ್ನೆಗೆ ಬಿಡಿಸಬೇಡ ಎಂಬ ಉತ್ತರ. ಕಳಿಸಬೇಕೆಂದಿದ್ದ ಅವ್ವನ ಪ್ರಶ್ನೆಗೆ ಕಳಿಸಬೇಡ ಎಂಬ ಉತ್ತರ. ಇಬ್ಬರೂ ದೇವರಿಗೆ ಹೆದರುವವರು, ತಮ್ಮ ತಮ್ಮ ಉತ್ತರವನ್ನು ಬಿಟ್ಟುಕೊಡಲು ಒಲ್ಲರು. ಪೂಜಾರಿಯನ್ನು ಕೇಳಿದರೆ, “ನಾ ಬರೇ ‘ಗೌಡ್ರ ಮನಿ ಮಂದಿ ಮನಸಿನ್ಯಾಗಿನ ಮಾತು’ ಅಂದೆ, ಅವರ ಮನಸಿನ್ಯಾಗ ಏನಿತ್ತೋ ನನಗೇನು ಗೊತ್ತು?” ಎಂದು ಕೈ ಝಾಡಿಸಿಬಿಟ್ಟ. ಒಂದೇ ಮಾತಿಗೆ ಎರಡು ಸಲ ಹೂ ಹಚ್ಚುವಂತಿಲ್ಲ ಎಂದೂ ಸೇರಿಸಿದ. ಎರಡು ದಿನ ನಮ್ಮ ಮನೆಯಲ್ಲಿ ಅಪ್ಪ ಅವ್ವನ ಮಾತು ಆಡಿದ, ಅವ್ವ ಅಪ್ಪನ ಮಾತು ಆಡಿದಳು. ನಾನು ಟ್ರಂಕಿಗೆ ಲಂಗ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಕೊನೆಗೆ ಅಪ್ಪನಿಗೇ ತಲೆ ಕೆಟ್ಟು, “ಆ ಲೆಕ್ಕದ ಮಾಸ್ತರನ್ನ ಕರೀರಿ, ಇಂಥಾದ್ದೇನೋ ಕಲಸ್ತಾನಂತ” ಎಂದ.

ಮಾಸ್ತರು ಬಂದು ಕಟ್ಟೆಯ ಮೇಲೆ ಕೂತರು. ಎಲ್ಲ ಕೇಳಿಸಿಕೊಂಡು ಬೆರಳಿನಿಂದ ನೆಲದ ಮೇಲೆ ಏನೋ ಗೀಚಿದರು, ಅಳಿಸಿದರು, ಮತ್ತೆ ಗೀಚಿದರು. ಅವ್ವ ಕೊಟ್ಟ ಚಹಾ ಆರಿಹೋಯಿತು.

“ಗೌಡ್ರ, ಒಂದು ಹೂವಿಗೆ ಎರಡು ಪ್ರಶ್ನಿ ಕೇಳಿದ್ರ ಯಾವುದಕ್ಕ ಉತ್ತರ ಬಂತು ಅನ್ನೂದು ನನ್ನ ಲೆಕ್ಕದಾಗ ಬರೂದಿಲ್ರಿ. ಎಷ್ಟು ತಿಕ್ಕಿದ್ರೂ ತಿಳೀವಲ್ದು” ಎಂದರು.

ಅಪ್ಪ ಹಣೆ ಚಚ್ಚಿಕೊಂಡ.

“ಆದ್ರ ಇನ್ನೊಂದು ಮಾತು ಐತ್ರಿ” ಎಂದು ಮಾಸ್ತರು ನೆಲ ನೋಡುತ್ತಲೇ ಮುಂದುವರಿಸಿದರು. “ಈ ಎರಡು ಬಾಜು ಸರಿಸಮ ಅಲ್ಲ. ಈಗ ಕಳಸ್ರಿ, ನಾಳೆ ನಿಮಗ ತಪ್ಪು ಅನಿಸಿದ್ರ ಬಂಡಿ ಕಟ್ಟಿ ಹೋಗಿ ಕರಕೊಂಡು ಬರಾಕ ಬರತೈತಿ. ಈಗ ಬಿಡಸಿದ್ರಿ ಅಂದ್ರ, ನಾಳೆ ತಪ್ಪು ಅನಿಸಿದ್ರೂ ತಿರುಗಿ ಕಳಸಾಕ ಬರೂದಿಲ್ರಿ. ಆ ವಯಸ್ಸು ಹೋಗಿರತೈತಿ. ಒಂದು ತಿದ್ದಾಕ ಬರೂ ತಪ್ಪು, ಇನ್ನೊಂದು ತಿದ್ದಾಕ ಬಾರದ ತಪ್ಪು.” ಚಹಾ ಕುಡಿಯದೆ ಎದ್ದು ಹೋದರು.

ಅಪ್ಪ ಅವತ್ತು ರಾತ್ರಿ ಊಟ ಮಾಡುತ್ತ, “ಒಂದ ವರ್ಷ. ಆಮ್ಯಾಲ ನೋಡೂಣು” ಎಂದ. ಆ ಒಂದು ವರ್ಷವೇ ಬೆಳೆಯುತ್ತ ನನ್ನ ಇಡೀ ಬದುಕಾಯಿತು. ಆಗ ನಾನು ಮಾಸ್ತರ ಕಾಲಿಗೆ ಬಿದ್ದು ನಮಸ್ಕಾರ ಮಾಡಿದೆ. ಈಗಲೂ ಮನಸ್ಸಿನಲ್ಲಿ ಮಾಡುತ್ತೇನೆ.

ಅವರನ್ನು ಕೊನೆಯ ಸಲ ಕಂಡದ್ದು ನಾನು ಮ್ಯಾಟ್ರಿಕ್ ಪಾಸಾಗಿ ಶಿಕ್ಷಕಿಯ ಟ್ರೇನಿಂಗಿಗೆ ಹೊರಟಾಗ. ಸುದ್ದಿ ಹೇಳಲೆಂದು ಅಪ್ಪನೇ ಪೇಢೆ ಕಟ್ಟಿಸಿಕೊಂಡು ನನ್ನನ್ನು ಗಜೇಂದ್ರಗಡಕ್ಕೆ ಕರೆದುಕೊಂಡು ಹೋಗಿದ್ದ. ಮಾಸ್ತರು ಜ್ವರದಿಂದ ಎದ್ದು ಸೊರಗಿದ್ದರು, ರಜೆಯ ಮೇಲಿದ್ದರು. ಮುಂದಿನ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು ಎಂಬ ಸುದ್ದಿ ನನಗೆ ಟ್ರೇನಿಂಗಿನಲ್ಲಿದ್ದಾಗ ಮುಟ್ಟಿತು. ಅವತ್ತು ಮಾತ್ರ ನನ್ನನ್ನು ನೋಡಿ ಹಿಗ್ಗಿ ಹೀರೇಕಾಯಿಯಾದರು. ಒಳಗೆ ಮಗ್ಗದ ಸದ್ದು. ಪಡಸಾಲೆಯ ಮೂಲೆಯಲ್ಲಿ ಗಂಗಿ ರಾಟಿ ತಿರುವುತ್ತ ಕಂಡಿಕಿ ಸುತ್ತುತ್ತಿದ್ದಳು. ನನ್ನನ್ನು ಕಂಡು ನಕ್ಕಳು, ಎದ್ದು ನೀರು ಕೊಟ್ಟಳು, ತಿರುಗಿ ಹೋಗಿ ಕೂತಳು.

ಅಪ್ಪ ಆ ಎಡಕ್ಕೆ ಬಿದ್ದ ಹೂವಿನ ಕತೆಯನ್ನು ತಾನೇ ರಸವತ್ತಾಗಿ ಹೇಳಿ ನಗಿಸಿದ. ನಗೆಯ ಗುಂಗಿನಲ್ಲೇ, “ಮಾಸ್ತರ, ನಿಮ್ಮ ಗಂಗವ್ವ ಭಾಳ ಶಾಣ್ಯಾ ಅಂತ ನಮ್ಮ ನೀಲಿ ಹೇಳ್ತಿರತಾಳ. ಆಕೀನ್ನ ಬಿಡಸೂ ಮುಂದ ನೀವೂ ಯಾವರೆ ದೇವರಿಗೆ ಹೂ ಹಚ್ಚಿದ್ರೇನು?” ಎಂದುಬಿಟ್ಟ.

ಮಾಸ್ತರ ನಗು ಅಲ್ಲೇ ನಿಂತಿತು. ಪೇಢೆಯ ಪೊಟ್ಟಣದ ದಾರ ಎಳೆದರು.

“ಇಲ್ರಿ ಗೌಡ್ರ. ಮಗ್ಗಕ್ಕ ಕೈ ಕಡಿಮಿ ಬಿದ್ದುವು, ಬಿಡಿಸಿದೆ. ಆಕಿ ಸಲುವಾಗಿ ಯಾರನ್ನೂ ಕೇಳಲಿಲ್ಲ. ಹೂವನ್ನೂ ಕೇಳಲಿಲ್ಲ.”

ಗಂಗಿ ತಲೆ ಎತ್ತಲಿಲ್ಲ. ರಾಟಿಯನ್ನೂ ನಿಲ್ಲಿಸಲಿಲ್ಲ.

“ಹೂವನ್ನ ಯಾಕ ಕೇಳಬೇಕಿತ್ತಪಾ?” ಎಂದಳು. “ನನ್ನ ಕೇಳಿದ್ರ ನಾ ಹೇಳತಿದ್ದಿಲ್ಲೇನು?”

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ನಮ್ಮ ಮನೆಯಲ್ಲಿ ಅಪ್ಪ ಕೇಳಿದ್ದ, ಅವ್ವ ಕೇಳಿದ್ದಳು, ಪೂಜಾರಿ ಕೇಳಿದ್ದ. ನನ್ನನ್ನು ಯಾರೂ ಕೇಳಿರಲಿಲ್ಲ. ಗಂಗಿ ಹೇಳುವವರೆಗೆ ಅದು ನನಗೇ ಹೊಳೆದಿರಲಿಲ್ಲ.