ಹೊದಿಕೆಯಡಿ ಬೆರಳೆಣಿಸುವ ಅಳತೆಯಮ್ಮ

ಬೆಳಗಿನ ಐದೂವರೆ. ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ, ತೂಕದ ಯಂತ್ರದ ಪಕ್ಕ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ಕಿವಿಯ ಮೇಲೆ ಪೆನ್ಸಿಲ್, ಕಂಕುಳಲ್ಲಿ ರಟ್ಟು. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ ಯಂತ್ರ ಹತ್ತುತ್ತಾರೆ. ಮೊನ್ನೆ ಇಲ್ಲಿಂದ ಹೋಗುವಾಗಿನ ತೂಕಕ್ಕಿಂತ ಇಂದು ಎಷ್ಟು ಹೆಚ್ಚಿದೆಯೋ ಅಷ್ಟೂ ಮೈಯಲ್ಲಿ ನಿಂತ ನೀರು; ಮುಂದಿನ ನಾಲ್ಕು ಗಂಟೆಯಲ್ಲಿ ಅದು ಹೊರಗೆ ಬರಬೇಕು. ಮೂರು ಕಿಲೋ ಏರಿಸಿಕೊಂಡು ಬಂದ ಲಾರಿ ಡ್ರೈವರೊಬ್ಬರು ಮುಖ ಸಣ್ಣದು ಮಾಡಿಕೊಂಡು ಜೇಬಿನ ಕೀಲಿ ಗೊಂಚಲನ್ನು ತೆಗೆದು ಪಕ್ಕಕ್ಕಿಡುತ್ತಾರೆ.

"ಕೀಲಿ ಮೂರು ಕಿಲೋ ತೂಗಲ್ಲ ಅಣ್ಣಾ," ಎಂದು ಈಕೆ ತಲೆಯೆತ್ತದೆ ಬರೆದುಕೊಳ್ಳುತ್ತಾರೆ.

ಈ ವಾರ್ಡಿನಲ್ಲಿ ಅಳತೆಗೆ ಸಿಗದ ವಸ್ತುವಿಲ್ಲ. ರಕ್ತದೊತ್ತಡ, ರಕ್ತ ಹರಿಯುವ ವೇಗ, ತೆಗೆದ ನೀರು ಎಲ್ಲವನ್ನೂ ಯಂತ್ರವೇ ಹೇಳುತ್ತದೆ. ಅದು ಹೇಳದಿರುವುದು ಒಂದೇ: ವಾರಕ್ಕೆ ಮೂರು ದಿನ ಹೀಗೆ ಕುರ್ಚಿಯಲ್ಲಿ ಕಳೆಯುವವರ ಬದುಕು ಹೇಗಿದೆ? ಅದನ್ನು ಕೇಳಿ ಬರೆದುಕೊಳ್ಳುವುದು ಈಕೆಯ ಇನ್ನೊಂದು ಕೆಲಸ. ಕೈಯಲ್ಲಿರುವ ಫಾರಂನಲ್ಲಿ ಮೂವತ್ತೊಂದು ಪ್ರಶ್ನೆಗಳಿವೆ. ನಿದ್ದೆ, ಸುಸ್ತು, ಮನೆಯವರಿಗೆ ಭಾರವಾಗಿದ್ದೇನೆಂಬ ಅಳುಕು ಎಲ್ಲಕ್ಕೂ ಒಂದರಿಂದ ಐದರವರೆಗೆ ಅಂಕ. ಐದೆಂದರೆ ಸುಖ, ಒಂದೆಂದರೆ ಸಾಕಪ್ಪಾ ಸಾಕು. ವಾರ್ಡಿನಲ್ಲಿ ಎಪ್ಪತ್ತೆರಡು ಮಂದಿ ಇದ್ದಾರೆ, ತಿಂಗಳಿಗೊಮ್ಮೆ ಎಲ್ಲರನ್ನೂ ಕೇಳಬೇಕು. ಹಾಗಾಗಿ ದಿನಕ್ಕೆ ಮೂವರು. ಬಡ್ತಿ, ಬಿರುದು ಯಾವುದೂ ಇಲ್ಲದ ಈ ಹುದ್ದೆಗೆ ರೋಗಿಗಳೇ ಒಂದು ಹೆಸರು ಕೊಟ್ಟಿದ್ದಾರೆ: ಅಳತೆಯಮ್ಮ.

ಹೆಸರು ಸುಮ್ಮನೆ ಬಂದದ್ದಲ್ಲ. ಹದಿನೆಂಟು ವರ್ಷ ಈಕೆ ದರ್ಜಿ ಅಂಗಡಿಯಲ್ಲಿ ಅಳತೆ ತೆಗೆಯುತ್ತಿದ್ದವರು. ಸಿದ್ಧ ಉಡುಪು ಬಂದು ಅಂಗಡಿ ಮುಚ್ಚಿತು, ಟೇಪು ಡ್ರಾಯರ್ ಸೇರಿತು. ಆದರೆ ಟೇಪು ಕಲಿಸಿದ ಪಾಠ ಉಳಿದಿದೆ. "ಸೊಂಟಕ್ಕೆ ಟೇಪು ಸುತ್ತಿದ ಕೂಡ್ಲೇ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಳ್ತಾರೆ. ಆಗ ಬರ್ಕೊಂಡ್ರೆ ಪ್ಯಾಂಟು ಬಿಗಿ. ಏನೋ ಮಾತಾಡ್ತಾ ನಿಂತ್ಕೋಬೇಕು. ಉಸಿರು ಬಿಟ್ಟೇ ಬಿಡ್ತಾರೆ, ಆಗ ಬರ್ಕೋಬೇಕು," ಎನ್ನುತ್ತಾರೆ.

ಈ ಪಾಠವನ್ನು ವಾರ್ಡಿಗೆ ಬಂದ ಮೊದಲ ತಿಂಗಳು ಅವರೇ ಮರೆತಿದ್ದರು. ಶಾಲೆಯ ಹಾಜರಿಯಂತೆ ಸಾಲಾಗಿ, ಜೋರಾಗಿ ಕೇಳುತ್ತ ಹೋದರು. ಮೊದಲ ಕುರ್ಚಿ ನಾಲ್ಕು ಅಂದಿತು. ಪಕ್ಕದವರು ನಾಲ್ಕು ಎಂದ ಮೇಲೆ ತಾನೇಕೆ ಕಡಿಮೆಯಾಗಬೇಕೆಂದು ಎರಡನೆಯದೂ ನಾಲ್ಕು ಅಂದಿತು. ಹನ್ನೆರಡು ಕುರ್ಚಿ, ಹನ್ನೆರಡು ನಾಲ್ಕು. ಕಾಗದ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು, ಇವರೆಲ್ಲ ಚಿಕಿತ್ಸೆಗೆ ಬರುತ್ತಿದ್ದಾರೋ ಹವಾ ಬದಲಾವಣೆಗೋ ಎಂದು ಕೇಳಿದರಂತೆ.

ಅಂದಿನಿಂದ ಬೆರಳಿನ ಪದ್ಧತಿ ಬಂತು. ಸೂಜಿ ಚುಚ್ಚಿದ ಕೈ ಅಲುಗುವಂತಿಲ್ಲ, ಇನ್ನೊಂದು ಕೈ ಬಿಡುವಾಗಿರುತ್ತದೆ. ವಾರ್ಡು ತಣ್ಣಗಿರುವುದರಿಂದ ಎಲ್ಲರ ಮೇಲೂ ಹೊದಿಕೆ. ಈಕೆ ಸ್ಟೂಲು ಎಳೆದು ಕೂತು ಮೆಲ್ಲನೆ ಪ್ರಶ್ನೆ ಓದುತ್ತಾರೆ, ಹೊದಿಕೆಯ ಅಂಚನ್ನು ಚೂರು ಎತ್ತುತ್ತಾರೆ. ಅಡಿಯಲ್ಲಿ ಬೆರಳುಗಳು ಉತ್ತರ ಹೇಳುತ್ತವೆ. ಪಕ್ಕದ ಕುರ್ಚಿಗೆ ಸುದ್ದಿಯಿಲ್ಲ.

ಈ ಪದ್ಧತಿಗೆ ಸೊಪ್ಪು ಹಾಕದಿದ್ದವರು ಮೇಷ್ಟ್ರು ಒಬ್ಬರೇ. ನಿವೃತ್ತ ಗಣಿತದ ಮೇಷ್ಟ್ರು. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ನೂರಕ್ಕೆ ನೂರು ಕೊಟ್ಟವರಲ್ಲ. ತಮಗೆ ಮಾತ್ರ ಎಂಟು ತಿಂಗಳು, ಎಲ್ಲ ಪ್ರಶ್ನೆಗೂ, ಬಾಯಿ ಬಿಟ್ಟು ಐದಕ್ಕೆ ಐದು ಕೊಟ್ಟುಕೊಂಡರು. ಪಕ್ಕದಲ್ಲಿ ಹೆಂಡತಿ ಕೂತಿರುತ್ತಿದ್ದರು. ಅದೇ ಹೊತ್ತಿಗೆ ಮೇಷ್ಟ್ರು ಹದಿನೈದು ದಿನದಲ್ಲಿ ಎರಡು ಸಲ ಬರುವುದನ್ನೇ ತಪ್ಪಿಸಿದ್ದರು. ಬಂದ ದಿನವೂ ಅರ್ಧ ಗಂಟೆ ಮೊದಲೇ ಬಿಚ್ಚಿ ಎಂದು ನರ್ಸುಗಳ ಜೀವ ತಿನ್ನುತ್ತಿದ್ದರು. ಡಯಾಲಿಸಿಸ್ ನಿಲ್ಲಿಸಿದವರಿಗೆ ಉಳಿಯುವುದು ದಿನಗಳು ಮಾತ್ರ. ಇದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು, ಮೇಷ್ಟ್ರಿಗೂ.

"ನಮ್ಮಕ್ಕನೂ ಇದೇ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತಿದ್ಲು," ಎನ್ನುತ್ತಾರೆ ಅಳತೆಯಮ್ಮ. "ಕೊನೇ ವಾರದವರೆಗೂ ಚೆನ್ನಾಗಿದ್ದೀನಿ ಅಂದ್ಲು. ನಾನೂ ನಂಬಿದೆ. ನಂಬೋದು ಸುಲಭ ಇತ್ತು."

ಒಂಬತ್ತನೆಯ ತಿಂಗಳು ಅವರು ಮೇಷ್ಟ್ರ ಪಕ್ಕ ಮುಕ್ಕಾಲು ಗಂಟೆ ಕೂತರು. ಫಾರಂನ ಮಾತು ಬದಲಿಸುವಂತಿಲ್ಲ, ಉತ್ತರ ಸೂಚಿಸುವಂತಿಲ್ಲ. ಕಾಯಬಾರದೆಂದು ಮಾತ್ರ ಎಲ್ಲೂ ಬರೆದಿಲ್ಲ. ಕೊನೆಯ ಪ್ರಶ್ನೆ ಬಂತು: ಈ ಚಿಕಿತ್ಸೆ ಮುಂದುವರಿಸುವ ಮನಸ್ಸು ಎಷ್ಟಿದೆ? ಮೇಷ್ಟ್ರು ಹೆಂಡತಿಗೆ ಕೇಳುವಂತೆ "ಐದು" ಅಂದರು. ಈಕೆ ಬರೆಯಲಿಲ್ಲ. ಹೊದಿಕೆಯ ಅಂಚು ಎತ್ತಿಕೊಂಡು ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ, ಒಳಗೆ ಐದೂ ಬೆರಳು ಮಡಚಿಕೊಂಡವು.

ಮುಷ್ಟಿ. ಗಣಿತದ ಮೇಷ್ಟ್ರಲ್ಲವೇ, ಸೊನ್ನೆ ಕೊಟ್ಟಿದ್ದರು. ಫಾರಂನಲ್ಲಿ ಸೊನ್ನೆಗೆ ಜಾಗವೇ ಇಲ್ಲ.

ಈಕೆ ಅಂಚಿನಲ್ಲಿ ಬರೆದರು: ಬಾಯಿ ಐದು, ಕೈ ಮುಷ್ಟಿ. ಮುಷ್ಟಿಯನ್ನು ಕಂಪ್ಯೂಟರಿಗೆ ಹೇಗಮ್ಮಾ ತುಂಬಿಸಲಿ ಎಂದು ಡಾಕ್ಟರಮ್ಮ ರೇಗಿದರು.

"ಕಂಪ್ಯೂಟರಿಗೆ ಬೇಡ ಡಾಕ್ಟ್ರೇ. ಅವರ ಹತ್ರ ನೀವೊಂದ್ಸಲ ಹೋಗಿ ಕೂತ್ಕೊಳ್ಳಿ."

ಡಾಕ್ಟರಮ್ಮ ಕೂತರು. ಮೇಷ್ಟ್ರ ಹೆಂಡತಿಯನ್ನು ಔಷಧಿ ತರಲು ಕಳಿಸಿದ ಮೇಲೆ ಒಂದೊಂದೇ ಹೊರಬಿತ್ತು. ಮೂರನೇ ಗಂಟೆಗೆ ಕಾಲಿನ ಸ್ನಾಯು ಹಿಡಿದುಕೊಂಡು ಪ್ರಾಣ ಹೋಗುವಷ್ಟು ನೋವು. ಮನೆಗೆ ಹೋದರೆ ಮರುದಿನದವರೆಗೆ ಮಲಗಿದ್ದೇ. ಮೊದಲ ಪಾಳಿಗೆ ಬರಲು ಇವರು ಮೂರು ಗಂಟೆಗೆ ಏಳಬೇಕು, ಅದಕ್ಕೆ ಹೆಂಡತಿ ಎರಡೂವರೆಗೆ. ಆಕೆಯ ನಿದ್ದೆ ತಾನು ತಿನ್ನುತ್ತಿದ್ದೇನೆಂಬುದೇ ಕಾಲುನೋವಿಗಿಂತ ದೊಡ್ಡ ನೋವಾಗಿತ್ತು. ಡಾಕ್ಟರಮ್ಮ ಅವರನ್ನು ಮಧ್ಯಾಹ್ನದ ಪಾಳಿಗೆ ಹಾಕಿದರು. ನೀರನ್ನು ನಿಧಾನವಾಗಿ ಎಳೆಯಲೆಂದು ಅರ್ಧ ಗಂಟೆ ಹೆಚ್ಚಿಸಿದರು. ಕಾಲು ಹಿಡಿಯುವುದು ತಗ್ಗಿತು. ಆ ಮೇಲೆ ಮೇಷ್ಟ್ರು ಒಂದು ದಿನವೂ ತಪ್ಪಿಸಿಲ್ಲ.

ಅವರ ಹೆಂಡತಿಗೆ ಮೊದಲೇ ಏನೂ ಗೊತ್ತಿರಲಿಲ್ಲವೇ? "ಐದು ಅಂತಿದ್ದದ್ದು ನನಗೋಸ್ಕರ ಅಂತ ಗೊತ್ತಿತ್ತು ಬಿಡಿ," ಎನ್ನುತ್ತಾರೆ ಆಕೆ. "ನಾನೂ ಅವರಿಗೋಸ್ಕರ ನಂಬ್ತಿದ್ದೆ."

ಎಪ್ಪತ್ತೆರಡು ಮಂದಿಯ ಅಳತೆ ತೆಗೆದೂ ತೆಗೆದೂ ಅಳತೆಯಮ್ಮನ ಬೆನ್ನು ಬಾಗಿದೆ. ನಿಮಗೇನು ಬೇಕು ಎಂದರೆ ಎರಡೇ ಹೇಳುತ್ತಾರೆ: ಸ್ಟೂಲಿಗೆ ಒಂದು ಒರಗು, ಫಾರಂನಲ್ಲಿ ಒಂದು ಸೊನ್ನೆ. ಒರಗು ಮುಂದಿನ ವಾರ ಬರುತ್ತದಂತೆ. ಸೊನ್ನೆಗೆ ಅರ್ಜಿ ಹೋಗಿದೆ.

ಮಧ್ಯಾಹ್ನ ಒಂದೂವರೆ. ಇಂದು ಮೇಷ್ಟ್ರ ಸರದಿ. ಹೆಂಡತಿ ಪಕ್ಕದಲ್ಲೇ ಇದ್ದಾರೆ, ಇಡೀ ರಾತ್ರಿ ನಿದ್ದೆ ಮಾಡಿದ ಮುಖ. ಕೊನೆಯ ಪ್ರಶ್ನೆಗೆ ಮೇಷ್ಟ್ರು ಕೊಂಚ ಲೆಕ್ಕ ಹಾಕಿ, ಜೋರಾಗಿ, "ಮೂರು" ಎನ್ನುತ್ತಾರೆ. ಅಳತೆಯಮ್ಮ ಹೊದಿಕೆ ಎತ್ತಿ ನೋಡುತ್ತಾರೆ. ಮೂರು ಬೆರಳು.

"ಇನ್ನೂ ನಂಬಿಕೆ ಇಲ್ವಾ?" ಎಂದು ಮೇಷ್ಟ್ರು ಕೆಣಕುತ್ತಾರೆ.

ಈಕೆ ಮೂರು ಎಂದು ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. "ಐದು ಅಂದಿದ್ರೆ ಇವತ್ತು ನನಗೆ ಊಟ ಸೇರ್ತಿರ್ಲಿಲ್ಲ ಮೇಷ್ಟ್ರೇ," ಎಂದು ಸ್ಟೂಲು ಎತ್ತಿಕೊಂಡು ಪಕ್ಕದ ಕುರ್ಚಿಯತ್ತ ಹೋಗುತ್ತಾರೆ.