ಹೆಬ್ಬೆರಳು ಒತ್ತಿದವರು

ನನ್ನ ಅತ್ತಿಗೆಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೂಗಿನ ತುದಿಗೆ ಬರುವಷ್ಟು ಹೊತ್ತು ಅದು ಕಾಯುವುದೇ ಇಲ್ಲ. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಆಮೇಲೆ ನನ್ನ ಅಣ್ಣನ ಕೈಹಿಡಿದಳು. ಹಾಗಾಗಿ ಅತ್ತಿಗೆಯಾದರೂ ನನಗೆ ಅವಳು ಏಕವಚನವೇ.

ನಾವಿಬ್ಬರೂ ಕೃತಕ ಕಾಲು ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೇವೆ. ನಾನು ಬೆಲ್ಟು ಹೊಲಿಯುತ್ತೇನೆ, ಅವಳು ಸ್ಟೋರ್ ನೋಡಿಕೊಳ್ಳುತ್ತಾಳೆ. ಅಲ್ಲಿ ಅವಳ ಹೆಸರು ಕೆಂಡ. ಹಿಂದೆ ಬಟ್ಟೆ ಅಂಗಡಿಯಲ್ಲಿದ್ದಳು; ಸೀರೆಗಳನ್ನೆಲ್ಲ ಬಿಡಿಸಿ ಹಾಕಿಸಿ ಸುಮ್ಮನೆ ಎದ್ದು ಹೊರಟ ಗಿರಾಕಿಗೆ, "ಮಡಚಿಟ್ಟು ಹೋಗಿ" ಎಂದು ಕೆಲಸ ಕಳೆದುಕೊಂಡಳು. ಇಲ್ಲಿಗೆ ಬರಲು ಬೇರೆಯದೇ ಕಾರಣವಿತ್ತು. ಅವಳ ಅಪ್ಪನಿಗೆ ಕಾಲು ಹೋದಾಗ ಇದೇ ವರ್ಕ್‌ಶಾಪ್ "ಸಾಮಾನು ಬಂದಿಲ್ಲ, ಮುಂದಿನ ವಾರ ಬನ್ನಿ" ಎಂದು ಅವರನ್ನು ಓಡಾಡಿಸಿತ್ತು, ಅದೂ ಕಾಲಿಲ್ಲದವರನ್ನು! ಕೊನೆಗೆ ಕಾಲು ಬಂದಾಗ ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ನಿಲ್ಲುವ ಮನಸ್ಸೇ ಅಷ್ಟರಲ್ಲಿ ಹೋಗಿಬಿಟ್ಟಿತ್ತು. ಅಲ್ಲಿಂದ ಅತ್ತಿಗೆಗೆ "ಸಾಮಾನು ಇಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಸ್ಟೋರಿನಲ್ಲಿ ಸಾಮಾನು ಖಾಲಿಯಾಗುವ ಮೊದಲೇ ಎಲ್ಲರ ಫೋನಿಗೂ ಸುದ್ದಿ ಹೋಗಬೇಕು ಎಂದು ಹಟ ಹಿಡಿದವಳೂ ಅವಳೇ. ಕಂಪ್ಯೂಟರಿನ ಎದುರು ಕೂತು, ಅದನ್ನೂ ಅದರ ವಂಶವನ್ನೂ ಬೈಯುತ್ತ, ಒಂದೊಂದು ಸಾಮಾನಿಗೂ ಇಷ್ಟಕ್ಕಿಂತ ಕಡಿಮೆಯಾದರೆ ಕೂಗು ಎಂದು ಮಿತಿ ಹಾಕಿದಳು. ಮೊದಲ ದಿನ ಮೊಳೆಯಿಂದ ಹಿಡಿದು ಮರಳುಕಾಗದದವರೆಗೆ ಎಲ್ಲವೂ ಒಟ್ಟಿಗೆ ಕೂಗಿದವು. ವರ್ಕ್‌ಶಾಪಿನವರ ಮೆಸೇಜ್ ಗುಂಪಿನಲ್ಲಿದ್ದ ಫೋನುಗಳೆಲ್ಲ ಟಣ್ ಟಣ್ ಎಂದು ಪ್ರಾಣ ತಿಂದವು. ನನ್ನದು ಬಟನ್ ಫೋನು, ನಾನು ಬಚಾವಾದೆ. ಮರುದಿನ ಅವಳು ಮಿತಿಗಳನ್ನೆಲ್ಲ ತಿದ್ದಿ, ಗುಂಪಿನಲ್ಲಿ ಒಂದು ಆಜ್ಞೆಯನ್ನೂ ಹೊರಡಿಸಿದಳು: "ನೋಡಿದವರು ಸಂದೇಶದ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತಬೇಕು. ನೋಡಲಿಲ್ಲ ಅನ್ನುವ ನೆಪ ಇನ್ನು ನಡೆಯುವುದಿಲ್ಲ."

ಎಲ್ಲರೂ ಒತ್ತತೊಡಗಿದರು. ಅವಳ ಬಾಯಿಗೆ ಬೀಳುವುದಕ್ಕಿಂತ ಒಂದು ಬೆರಳು ಒತ್ತುವುದು ಯಾರಿಗಾದರೂ ಸುಲಭವೇ.

ಆ ಶನಿವಾರ ಒಬ್ಬ ಬಸ್ ಕಂಡಕ್ಟರ್ ಕಾಲು ಹಾಕಿಸಿಕೊಂಡು ಹೋಗಲು ಬಂದಿದ್ದ. ಮೊಣಕಾಲಿನ ಕೆಳಗೆ ಅಳತೆ ತೆಗೆದು, ಅಚ್ಚು ಮಾಡಿ, ಕೊಳವೆ ಕೂರಿಸಿ ಎಲ್ಲ ಮುಗಿದಿತ್ತು. ಕೊಳವೆಗೂ ಪಾದಕ್ಕೂ ನಡುವೆ ಹಿಡಿದು ನಿಲ್ಲಿಸುವ ಒಂದು ಲೋಹದ ತುಂಡು ಬೇಕು, ನಾವು ಅಡಾಪ್ಟರ್ ಅನ್ನುತ್ತೇವೆ. ಮುಷ್ಟಿಯೊಳಗೆ ಹಿಡಿಸುವ ಸಾಮಾನು, ಆದರೆ ಅದಿಲ್ಲದೆ ಪಾದ ಒಂದು ಕಡೆ, ಕಾಲು ಒಂದು ಕಡೆ. ಜೋಡಿಸುವ ಮೇಸ್ತ್ರಿ ಸ್ಟೋರಿಗೆ ಬಂದ. ಅತ್ತಿಗೆ ಡಬ್ಬಿ ತೆಗೆದಳು. ಡಬ್ಬಿ ಬರಿದಾಗಿತ್ತು.

"ಇರ್ಲಿ ಬಿಡಿ, ಮುಂದಿನ ವಾರ ಬರ್ತೀನಿ ಅನ್ನೋ ಹಾಗೂ ಇಲ್ಲ ಅಮ್ಮ," ಅಂದ ಕಂಡಕ್ಟರ್, ಬೆಂಚಿನ ಮೇಲೆ ಊರುಗೋಲು ತಬ್ಬಿಕೊಂಡು. "ಸೋಮವಾರ ಡಿಪೋದಲ್ಲಿ ಡಾಕ್ಟರ ಮುಂದೆ ನಡೆದು ತೋರಿಸ್ಬೇಕು. ಆವತ್ತು ಆಗ್ಲಿಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ತಗೋತಾರೆ."

ಅತ್ತಿಗೆ ಫೋನ್ ತೆಗೆದು ಗುಂಪು ನೋಡಿದಳು. ನಾನೂ ಅವಳ ಹೆಗಲ ಮೇಲಿಂದ ಇಣುಕಿದೆ. ವಾರದ ಹಿಂದೆಯೇ ಬಂದಿತ್ತು ಸಂದೇಶ: ಅಡಾಪ್ಟರ್ ಮುಗಿಯುತ್ತ ಬಂದಿದೆ, ತರಿಸಿ. ಕೆಳಗೆ ಹೆಬ್ಬೆರಳುಗಳ ಸಾಲು. ಡೈರೆಕ್ಟರದು, ಖರೀದಿಯವನದು, ಲೆಕ್ಕದವಳದು, ಮೇಸ್ತ್ರಿಯದು, ರಜೆಯಲ್ಲಿದ್ದ ಡ್ರೈವರನದು ಕೂಡ. ನಡುವೆ ಅವಳದೂ ಒಂದು.

ಖರೀದಿಯವನ ಕೋಣೆಗೆ ಅವಳು ಹೋದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು. ನಾನು ಹಿಂದೆಯೇ ಓಡಿದೆ.

"ಬೆರಳು ಒತ್ತಿದೀರಲ್ಲ, ಸಾಮಾನೆಲ್ಲಿ?"

"ನೀವೇ ತಾನೆ ಹೇಳಿದ್ದು, ನೋಡಿದವ್ರು ಒತ್ತಿ ಅಂತ? ನೋಡ್ದೆ, ಒತ್ತಿದೆ. ಡೈರೆಕ್ಟರೂ ಒತ್ತಿದ್ರಲ್ಲ, ಅಂಗಡಿಗೆ ಅವ್ರೇ ಹೇಳಿರ್ತಾರೆ ಅಂದ್ಕೊಂಡೆ."

ಅವನು ಹಲ್ಲು ಕಿರಿದ. ನನಗೇ ಕಪಾಳಕ್ಕೆ ಒಂದು ಬಿಡೋಣ ಅನ್ನಿಸಿತು. ಆದರೆ ಅತ್ತಿಗೆ ಬೈಯದೆ ತಿರುಗಿ ಹೊರಟಳು, ಅವಳ ಜೀವಮಾನದಲ್ಲೇ ನಾನು ಕಂಡಿರದ ಸಂಗತಿ. ಇವರೆಲ್ಲ ಒತ್ತಿದ್ದಾರೆ, ಯಾರೋ ತರಿಸುತ್ತಾರೆ ಎಂದು ಅವಳೂ ನಂಬಿ ಕೂತಿದ್ದಳು. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು.

"ನಾನೂ ಅವ್ರ ಥರಾನೇ ಆಗ್ಬಿಟ್ಟೆ ಕಣೇ," ಅಂದಳು. "ಅಪ್ಪನ್ನ ಓಡಾಡ್ಸಿದ್ರಲ್ಲ, ಅವ್ರ ಥರಾನೇ."

ಸಮಾಧಾನ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ಮುಂಭಾಗದ ಹಾಲಿನ ಕಡೆ ಹೊರಳಿತು. ಅಲ್ಲಿ, ಬಂದುಹೋಗುವ ದೊಡ್ಡವರಿಗೆ ತೋರಿಸಲೆಂದು, ಗಾಜಿನ ಪೆಟ್ಟಿಗೆಯಲ್ಲಿ ಒಂದು ಹೊಚ್ಚಹೊಸ ಕಾಲು ನಿಂತಿದೆ. ಮೇಲೊಂದು ದೀಪ ಬೇರೆ. ಬೀಗದ ಕೈ ಡೈರೆಕ್ಟರ ಹತ್ತಿರ, ಡೈರೆಕ್ಟರು ಊರಲ್ಲಿಲ್ಲ.

"ಮೇಸ್ತ್ರಿ, ಸ್ಕ್ರೂಡ್ರೈವರ್ ಕೊಡ್ರೀ!"

"ಅಯ್ಯೋ ಅಕ್ಕ, ಅದನ್ನ ಮುಟ್ಟಿದ್ರೆ ಸಾಹೇಬ್ರು ನಮ್ಮನ್ನ ಉಳಿಸ್ತಾರಾ?"

"ನಿಮ್ಮನ್ನ ಉಳಿಸ್ಲಿ. ನನ್ನ ಹೆಸರು ಹೇಳಿ."

ಬೀಗಕ್ಕೆ ಕೈ ಹಚ್ಚಲಿಲ್ಲ. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನೇ ಬಿಚ್ಚಿ, ಕಾಲನ್ನು ಹೊರಗೆಳೆದು, ಮೇಸ್ತ್ರಿಯ ಮೇಜಿನ ಮೇಲೆ ಕುಕ್ಕಿದಳು. ಅವನು ಗೊಣಗುತ್ತಲೇ ಅಡಾಪ್ಟರ್ ಬಿಚ್ಚಿ ಕಂಡಕ್ಟರನ ಕಾಲಿಗೆ ಕೂರಿಸಿದ. ನಾನು ಬೆಲ್ಟು ಬಿಗಿದೆ. ಕಂಡಕ್ಟರ್ ಕಂಬಿ ಹಿಡಿದು ಎದ್ದ, ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದನ್ನೂ ಬಿಟ್ಟ. ಗೋಡೆಯವರೆಗೆ ನಡೆದು ತಿರುಗಿ, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ!" ಎಂದು ಕೂಗಿದ. ಎಲ್ಲರೂ ನಕ್ಕೆವು. ಅತ್ತಿಗೆ ನಗಲಿಲ್ಲ. ಅವಳು ಗುಂಪಿನಲ್ಲಿ ಬರೆಯುತ್ತಿದ್ದಳು.

"ಗಾಜಿನ ಪೆಟ್ಟಿಗೆಯ ಕಾಲಿನಿಂದ ಅಡಾಪ್ಟರ್ ತೆಗೆದವಳು ನಾನು. ಸ್ಟೋರಿನಲ್ಲಿ ಒಂದೂ ಇಲ್ಲ. ಯಾರು ತರಿಸುತ್ತೀರಿ? ಹೆಸರು ಬರೆಯಿರಿ."

ಟಣ್ ಎಂದಿತು. ಡೈರೆಕ್ಟರ ಹೆಬ್ಬೆರಳು. ಹಿಂದೆಯೇ ಲೆಕ್ಕದವಳದು, ಡ್ರೈವರನದು. ಕೊನೆಗೆ ಪಕ್ಕದ ಕೋಣೆಯಿಂದಲೇ ಖರೀದಿಯವನದೂ ಬಂತು.

ಅತ್ತಿಗೆ ಫೋನನ್ನು ನನ್ನ ಕೈಗೆ ತುರುಕಿ ಅವನ ಕೋಣೆಗೆ ನಡೆದಳು. ಈ ಸಲ ಬಾಗಿಲು ಬಡಿಯಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರು ಕೂತು, ಮೇಜಿನ ಮೇಲಿದ್ದ ಆಫೀಸ್ ಫೋನನ್ನು ಅವನ ಮುಂದೆ ತಳ್ಳಿದಳು.

"ಈಗ ಅದೇ ಬೆರಳಲ್ಲಿ ಅಂಗಡಿಯ ನಂಬರ್ ಒತ್ತಿ," ಅಂದಳು. "ನನ್ನೆದುರಿಗೇ ಒತ್ತಿ."