ಬಂಡೆಯಂಚಿನಲ್ಲಿ ಮಲೀಕಸಾಬ

ಬಾದಾಮಿಗೆ ರೈಲು ಬಂದು ಇಪ್ಪತ್ತು ವರ್ಷ ಆಗಿದ್ದ ಕಾಲ. ಊರ ಸುತ್ತಲಿನ ಕೆಂಪು ಬಂಡೆಗಳಲ್ಲಿ ಹೆಜ್ಜೇನು ಎಲ್ಲೆಲ್ಲಿ ಕಟ್ಟುತ್ತದೆ ಎಂದು ಕೇಳಬೇಕಾದರೆ ಜನ ಮಲೀಕಸಾಬನ ಮನೆಗೆ ಬರುತ್ತಿದ್ದರು. ಅವನ ಅಪ್ಪನೂ ಜೇನು ಇಳಿಸುತ್ತಿದ್ದವನೇ. ಪುಂಡಿ ನಾರಿನ ಹಗ್ಗವನ್ನು ಸೊಂಟಕ್ಕೂ ತೊಡೆಗೂ ಬಿಗಿದುಕೊಂಡು, ಹೊಗೆಯಾಡುವ ಹುಲ್ಲಿನ ಸೂಡು ಹಿಡಿದು, ಬಂಡೆಯ ನೆತ್ತಿಯಿಂದ ಬರೀ ಗಾಳಿಗೆ ಇಳಿಯುವ ಕೆಲಸ ಅದು. ಮೇಲೆ ಹಗ್ಗ ಹಿಡಿಯುವವರು ಇಬ್ಬರು. ಒಬ್ಬ ಅವನ ಹೆಂಡತಿ ಕಾಸಿಂಬಿಯ ಅಣ್ಣ ಮುರ್ತುಜಸಾಬ, ಇನ್ನೊಬ್ಬ ಕುರಿ ಕಾಯುವ ಗುರಪ್ಪ.

ಒಂದು ಬೆಳಿಗ್ಗೆ ಅವನು ಅರ್ಧ ಇಳಿದಿದ್ದಾಗ ಬಂಡೆಯ ಮೂಲೆಗೆ ಸಿಕ್ಕಿದ್ದ ಹಗ್ಗ ಫಕ್ಕನೆ ಜಾರಿತು. ಮಲೀಕಸಾಬ ಒಂದಾಳುದ್ದ ಕೆಳಗೆ ಬಿದ್ದು, ತಲೆಕೆಳಗಾಗಿ ತೂಗಾಡಿದ. ಬಂಡೆಯ ಬುಡದ ಕೆರೆಯ ನೀರು ತಲೆಯ ಮೇಲೆ ಇದ್ದಂತೆ ಕಂಡಿತು. ಹಗ್ಗ ಹರಿಯಲಿಲ್ಲ. ಮೇಲೆಳೆದಾಗ ಮೊಣಕೈ ತರಚಿತ್ತು, ಅಷ್ಟೇ. ಅವನೇ ಮೊದಲು ನಕ್ಕ.

ಆದರೆ ಮುಂದಿನ ಸಲ ಬಂಡೆಯಂಚಿಗೆ ಕುಳಿತಾಗ ಕಾಲು ಮುಂದೆ ಹೋಗಲಿಲ್ಲ. ತೊಡೆಗಳು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿದ್ದವು.

"ಕಾಲು ಏಳವಲ್ವು," ಎಂದ.

ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದ. ಗುರಪ್ಪ ಬೀರಪ್ಪನ ಗುಡಿಯಿಂದ ಭಂಡಾರ ತಂದು ಅವನ ಹಣೆಗೆ ಹಚ್ಚಿದ. ಯಾವುದರಿಂದಲೂ ಏನೂ ಆಗಲಿಲ್ಲ. ಮಾಳಿಗೆಯ ಮೇಲೆ ಹಾಸಿದ್ದ ಕಾಳು ತೆಗೆಯಲು ಏಣಿ ಹತ್ತಲು ಹೋದವನು ಎರಡನೇ ಮೆಟ್ಟಿಲಿಂದಲೇ ಇಳಿದುಬಿಟ್ಟ. ಕಾಸಿಂಬಿ ಏನೂ ಕೇಳದೆ ತಾನೇ ಏಣಿ ಹತ್ತಿ ಕಾಳು ಇಳಿಸಿದಳು. ಅದನ್ನು ನೋಡುತ್ತ ನಿಲ್ಲುವುದು ಅವನಿಗೆ ಅಂಜಿಕೆಗಿಂತ ಕಷ್ಟವಾಯಿತು.

ಕೊನೆಗೆ ದಾರಿ ತೋರಿಸಿದವನು ಮುರ್ತುಜಸಾಬ. ಅವನು ಮಾತುಗಾರ.

"ಅಂಜಿಕಿ ಹೋಗ್ಲಿ, ಆಮ್ಯಾಲೆ ಇಳೀತೇನಿ ಅಂದ್ರ ಅದು ಆಗೂ ಮಾತಲ್ಲ," ಎಂದ. "ನೀ ಅಂಜ್ಕೊಂತನ ಇಳಿ. ನಾ ಮ್ಯಾಲಿಂದ ಮಾತಾಡ್ಕೊಂತ ಇರ್ತೇನಿ. ನನ್ನ ದನಿ ಕೇಳೂತನಕ ಹಗ್ಗ ನನ್ನ ಕೈಯಾಗ ಐತಿ ಅಂತ ತಿಳ್ಕೊ."

ಅವತ್ತಿನಿಂದ ಮಲೀಕಸಾಬ ಆ ದನಿಯನ್ನು ಹಿಡಿದು ಇಳಿದ. ಯಾರ ಎಮ್ಮೆ ಈಯಿತು, ಮಹಾಕೂಟದ ಹೊಂಡದಲ್ಲಿ ಯಾರ ಧೋತರ ತೇಲಿ ಹೋಯಿತು, ಶಿರೂರಿನಲ್ಲಿ ಯಾರ ಮದುವೆ ಮುರಿಯಿತು, ಇಂಥದೇ ಮಾತು. ಅಂಜಿಕೆ ಹೋಗಲಿಲ್ಲ. ಆದರೆ ಅಂಜುತ್ತಲೇ ಜೇನುಹುಟ್ಟಿ ಕೊಯ್ದು ಬುಟ್ಟಿ ತುಂಬುವುದನ್ನು ಕಲಿತ. ಕೆಲವು ವರ್ಷ ಹೀಗೇ ನಡೆಯಿತು.

ಆಮೇಲೆ ಊರಿಗೆ ಮತ್ತೆ ಪ್ಲೇಗು ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮುರ್ತುಜಸಾಬನಿಗೆ ಕಂಕುಳಲ್ಲಿ ಗಂಟು ಎದ್ದಿತು. ಒಳಗೆ ಯಾರನ್ನೂ ಬಿಡಲಿಲ್ಲ. ಮಲೀಕಸಾಬ ಗುಡಿಸಲ ಹೊರಗೆ ಕುಳಿತು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ. ಒಳಗಿನಿಂದ ಮೊದಲು ಉತ್ತರ ಬರುತ್ತಿತ್ತು, ಆಮೇಲೆ ಬರೀ ಹೂಂ, ಆಮೇಲೆ ಅದೂ ಇಲ್ಲ.

ಜನ ಊರಿಗೆ ಮರಳಿದ ಮೇಲೆ ಜೇನಿನ ಕಾಲ ಬಂತು. ಗುರಪ್ಪ ತನ್ನ ಸೋದರಳಿಯನನ್ನು ಹಗ್ಗಕ್ಕೆ ಕರೆತಂದ. ಗುರಪ್ಪನ ತೋಳಿನಲ್ಲಿ ಇಬ್ಬರ ಬಲವಿತ್ತು, ಬಾಯಲ್ಲಿ ಮಾತಿರಲಿಲ್ಲ. ಕುರಿಯ ಬಗ್ಗೆ ಎರಡು ಮಾತಾಡಿ ಸುಮ್ಮನಾದ. ಕೆಳಗೆ ಮಲೀಕಸಾಬ ಬಂಡೆಗೆ ಹಣೆ ಒತ್ತಿ, "ಗುರಪ್ಪಾ, ಏನರ ಮಾತಾಡೋ," ಎಂದು ಕೇಳಿಕೊಂಡ.

"ಏನ್ ಮಾತಾಡ್ಲೆಪಾ, ನಂಗ ಏನೂ ಹೊಳಿಯವಲ್ದು," ಎಂದ ಗುರಪ್ಪ ಮೇಲಿಂದ. ಅವನ ದನಿಯೂ ಅಳುವಂತಿತ್ತು.

ಬುಟ್ಟಿ ಖಾಲಿಯೇ ಮೇಲೆ ಬಂತು.

ಆ ಸಂಜೆ ಕಾಸಿಂಬಿ ಕೇಳಿದಳು. "ಅಣ್ಣ ಏನ್ ಮಾತಾಡ್ತಿದ್ದ ಅಲ್ಲಿ?"

"ಏನೂ ಇಲ್ಲ. ಸುಮ್ನ ಮಾತು."

"ಸುಮ್ನ ಮಾತು ನಂಗೂ ಬರ್ತಾವ," ಎಂದಳು ಆಕೆ.

ಹೆಂಗಸರು ಆ ಬಂಡೆಯ ಮೇಲೆ ಬರುವ ರೂಢಿ ಇರಲಿಲ್ಲ. ಮರುದಿನ ಗಂಡನ ಜೊತೆ ಹತ್ತಿ ಬಂದ ಆಕೆಯನ್ನು ಗುರಪ್ಪ ನೋಡಿ, ದಾರಿ ಬಿಟ್ಟ. ಮಲೀಕಸಾಬ ಇಳಿದ ಮೇಲೆ ಕಾಸಿಂಬಿ ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ನೋಡಿದಳು. ಗಂಡ ಇಷ್ಟು ವರ್ಷ ಏನನ್ನು ನೋಡುತ್ತಿದ್ದ ಎಂದು ಮೊದಲ ಸಲ ಕಂಡಿತು. ಅಂಚಿನ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಗಂಡನ ಹೆಸರು ಹಿಡಿದು ಕರೆಯುವಂತಿರಲಿಲ್ಲ. "ಏನ್ರಿ," ಎಂದಳು. "ಕೇಳ್ತೈತೇನ್ರಿ?"

"ಕೇಳ್ತೈತಿ," ಎಂದ ಹೊಗೆಯೊಳಗಿನಿಂದ ಮಲೀಕಸಾಬ.

ಹಿತ್ತಲಿನ ಕೋಳಿಯ ವಿಷಯ ಶುರು ಮಾಡಿದಳು. ಅಲ್ಲಿಂದ ಮಾಡಿದ ಸಾರಿನ ಮಾತಿಗೆ ಬಂದಳು. ಸಾರಿನಿಂದ, ತಾನು ಸಣ್ಣವಳಿದ್ದಾಗ ಅಣ್ಣ ಹುಣಸೆ ಕದ್ದು ತಂದು ತಿನ್ನಿಸಿದ್ದಕ್ಕೆ ಬಂದು, ಅಲ್ಲಿ ಮಾತು ತುಂಡಾಯಿತು. ಅಣ್ಣನಿಗೆ ಮಣ್ಣು ಕೊಟ್ಟ ದಿನ ಅವಳು ಅತ್ತಿರಲಿಲ್ಲ. ಈಗ ಬಂಡೆಗೆ ಬಾಯಿ ಒತ್ತಿಕೊಂಡು ಅತ್ತಳು.

ಕೆಳಗೆ ಮಲೀಕಸಾಬನಿಗೆ ಅದು ಕೇಳಿಸುತ್ತಿತ್ತು. ಮೇಲೆ ಹೋಗಿ ಕೈ ಹಿಡಿಯಲು ಆಗದು, ನೆಲಕ್ಕೆ ಇಳಿಯಲೂ ಆಗದು. ತನಗೆ ಗೊತ್ತಿದ್ದದ್ದು ಒಂದೇ. ಅವನು ಮಾತಾಡತೊಡಗಿದ. ಮುರ್ತುಜಸಾಬ ಅಲ್ಲಿ ಏನೇನು ಹೇಳುತ್ತಿದ್ದನೋ ಅದನ್ನೆಲ್ಲ, ಅವನ ಹಾಗೆಯೇ ಎಳೆದು ಎಳೆದು ಹೇಳಿದ. ಎಮ್ಮೆಯದು ಹೇಳಿದ, ಧೋತರದ್ದು ಹೇಳಿದ. ಮೇಲಿನಿಂದ ಅಳುವಿನ ನಡುವೆ "ಹೂಂ" ಎಂದು ಬರುತ್ತಿತ್ತು. ಇನ್ನೊಂದು "ಹೂಂ" ಬರಲಿ ಎಂದು ಇನ್ನಷ್ಟು ಹೇಳಿದ. ಅಷ್ಟರಲ್ಲಿ ಹುಟ್ಟಿ ಕೊಯ್ದಾಗಿತ್ತು. ಯಾವಾಗ ಕೊಯ್ದೆ ಎಂದು ಅವನಿಗೇ ನೆನಪಾಗಲಿಲ್ಲ.

ಮೇಲೆ ಬಂದವನ ಮುಖ ಜೇನು ಕಚ್ಚಿ ಊದಿತ್ತು, ಅವಳದು ಅತ್ತು ಊದಿತ್ತು. ಗುರಪ್ಪ ಇಬ್ಬರನ್ನೂ ನೋಡದೆ ಹಗ್ಗ ಸುತ್ತಿದ.

ಆಮೇಲೆ ಎಷ್ಟೋ ವರ್ಷ ಕಾಸಿಂಬಿ ಬಂಡೆಗೆ ಬಂದಳು. ಮಲೀಕಸಾಬ ಇಳಿದ. ಇಳಿಯುವ ಬೆಳಿಗ್ಗೆ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ. ಬೆಲ್ಲದ ನೀರು ಕುಡಿದು ಹೊರಡುತ್ತಿದ್ದ. ಅಂಜಿಕೆ ಹೋಯಿತೇ ಎಂದು ಯಾರಾದರೂ ಕೇಳಿದರೆ, "ಎಲ್ಲಿ ಹೋಗ್ತೈತಿ, ನನ್ನ ಜೋಡಿನ ಇಳೀತೈತಿ," ಎನ್ನುತ್ತಿದ್ದ. ಕಣ್ಣು ಮಂಜಾದ ಮೇಲೆ ಹಗ್ಗವನ್ನು ಗುರಪ್ಪನ ಸೋದರಳಿಯನಿಗೆ ಬಿಟ್ಟುಕೊಟ್ಟ. ಆದರೆ ಅವನು ಇಳಿಯುವಾಗ ಹತ್ತಿರ ನಿಲ್ಲಲು ಮಲೀಕಸಾಬನಿಂದ ಆಗಲಿಲ್ಲ. ಆ ಬೆಳಿಗ್ಗೆಗಳಲ್ಲಿ ಕಾಸಿಂಬಿ ಆ ಸೋದರಳಿಯನಿಗೂ ದನಿ ಕೊಡಲು ಬಂಡೆಗೆ ಹೋದಾಗ ಮಲೀಕಸಾಬ ಮನೆಯ ಬಾಗಿಲು ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತಿರುತ್ತಿದ್ದ.